ಗೊತ್ತಪ್ಪನವರ ನಾಲ್ಕು ಟೈರು

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ತಿಳಿದಿದ್ದವನು ಅಂಚೆಯವನೊಬ್ಬನೇ. ಅವರಿಗೆ ಕಾಗದ ಬರುವುದು ನಿಂತ ಮೇಲೆ ಅವನೂ ಮರೆತಿದ್ದ. ಉಳಿದವರಿಗೆಲ್ಲ ಅವರು ಗೊತ್ತಪ್ಪ. ಯಾರು ಏನು ಹೇಳಲು ಬಾಯಿ ತೆರೆದರೂ, ಮಾತು ಹಲ್ಲು ದಾಟುವ ಮೊದಲೇ “ಗೊತ್ತು” ಎಂದುಬಿಡುವುದು ಅವರ ಪದ್ಧತಿ. “ಸಾರ್, ನಿಮ್ಮ ಅಂಗಿ ಒಳಗಿನದು ಹೊರಗಾಗಿದೆ” ಎಂದರೆ “ಗೊತ್ತು” ಎನ್ನುವರು. ಆಮೇಲೆ ಬೇಕೆಂದೇ ಹಾಗೆ ಹಾಕಿಕೊಂಡದ್ದೆಂದು ರುಜುವಾತು ಮಾಡಲು ಸಂಜೆಯವರೆಗೂ ಅದೇ ಅಂಗಿಯಲ್ಲಿ ತಿರುಗಾಡುವರು.

ಇದು ಹುಟ್ಟುಗುಣವಲ್ಲ, ಕಚೇರಿ ಕಲಿಸಿದ್ದು. ಕಾಲುವೆ ಇಲಾಖೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಸಾಮಾನು ಕಾದವರು ಅವರು. ಅಲ್ಲಿ “ಗೊತ್ತಿಲ್ಲ” ಎಂದವನ ತಲೆಗೆ ಕಳೆದುಹೋದ ಸಲಿಕೆ, ಗುದ್ದಲಿ, ತೂಬಿನ ಬಾಗಿಲು ಎಲ್ಲವನ್ನೂ ಕಟ್ಟುತ್ತಿದ್ದರು. ಹಾಗಾಗಿ ಗೊತ್ತಪ್ಪನವರು ಆ ಮಾತನ್ನು ನಾಲಿಗೆಯಿಂದಲೇ ಕಿತ್ತು ಹಾಕಿದ್ದರು. ನೌಕರಿ ಮುಗಿದು ಮೂರು ವರ್ಷವಾಯಿತು; ಅಭ್ಯಾಸಕ್ಕೆ ಮಾತ್ರ ನಿವೃತ್ತಿ ಆಗಿರಲಿಲ್ಲ.

ಇದರಿಂದ ಆದ ಅನುಕೂಲವೇನೆಂದರೆ, ಗೊತ್ತಿರುವವನಿಗೆ ಹೇಳುವುದೇನು ಎಂದು ಜನ ಅವರಿಗೆ ಹೇಳುವುದನ್ನೇ ಬಿಟ್ಟರು. ನೀರು ಬರುವ ಹೊತ್ತು ಬದಲಾದರೆ ಇಡೀ ಬೀದಿ ಬಿಂದಿಗೆ ತುಂಬಿಸಿಕೊಂಡ ಮೇಲೆ ಅವರು ನಲ್ಲಿ ತಿರುಗಿಸಿ ನೋಡುತ್ತಿದ್ದರು. ಎದುರು ಮನೆಯ ಟೈಲರ್ ತನ್ನ ಮಗಳ ಮದುವೆಗೂ ಕರೆಯಲಿಲ್ಲ. “ಅವರಿಗೆ ಗೊತ್ತಿರುತ್ತೆ” ಎಂದುಕೊಂಡಿದ್ದನಂತೆ. ಮನೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಗೊತ್ತಪ್ಪನವರು ಕೂರುತ್ತಿದ್ದರು, ಇನ್ನೊಂದರ ಮೇಲೆ ಹಳೆಯ ಪೇಪರು ಕೂರುತ್ತಿತ್ತು. ಒಂಟಿಯಾಗಿರುವುದು ಎಷ್ಟು ಕಷ್ಟ ಎಂಬುದೊಂದು ಮಾತ್ರ ಅವರಿಗೆ ನಿಜವಾಗಿ ಗೊತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ.

ಅಂಗಳದಲ್ಲಿ ಅವರ ಗಾಡಿ ನಿಂತಿತ್ತು. ಗಾಡಿ ಎಂದರೆ ಕಾರಲ್ಲ, ಬೈಕೂ ಅಲ್ಲ. ಬೈಕಿನ ಹ್ಯಾಂಡಲ್ಲು, ಕುದುರೆಯ ಬೆನ್ನಿನಂಥ ಸೀಟು, ಕೆಳಗೆ ನಾಲ್ಕು ದಪ್ಪ ಚಕ್ರ. ಕೆಸರು, ಕಲ್ಲು, ಏರು ಯಾವುದಕ್ಕೂ ಹೆದರದ ಈ ನಾಲ್ಕು ಗಾಲಿ ಬೈಕನ್ನು ಇಲಾಖೆಯವರು ಕಾಲುವೆ ಏರಿಯ ಮೇಲೆ ಓಡಾಡಲು ತರಿಸಿ, ಓಡಾಡದೆ ಉಗ್ರಾಣದ ಮೂಲೆಗೆ ತಳ್ಳಿದ್ದರು. ಗೊತ್ತಪ್ಪನವರ ಬೀಳ್ಕೊಡುಗೆಯ ದಿನ ಎಂಜಿನಿಯರು ಸುಮ್ಮನೆ ಕೇಳಿದರು: “ಇದನ್ನ ಓಡಿಸೋಕೆ ಇಲ್ಲಿ ಯಾರಿಗಾದ್ರೂ ಗೊತ್ತೇನ್ರೀ?”

“ಗೊತ್ತು ಸಾರ್,” ಎಂದಿತು ಬಾಯಿ.

ಸಂಜೆ ಹಾರದ ಜೊತೆ ಗಾಡಿಯೂ ಮನೆಗೆ ಬಂತು. ಅಂದಿನಿಂದ ಅದು ಅಂಗಳದಿಂದ ಗೇಟಿನವರೆಗೆ, ಗೇಟಿನಿಂದ ಅಂಗಳದವರೆಗೆ, ತಿಂಗಳಿಗೊಮ್ಮೆ ಪ್ರಯಾಣ ಮಾಡುತ್ತಿತ್ತು.

ಇನ್ನು ಬಂಧುಬಳಗ ಎಂದರೆ ಒಬ್ಬಳೇ ಅಕ್ಕ. ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರಾಗಿದ್ದು, ಶಾಲೆಯ ಮಗ್ಗುಲಲ್ಲೇ ಮನೆ ಮಾಡಿಕೊಂಡು ಉಳಿದವಳು. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಅಲ್ಲಿಂದ ಮೇಲೆ ಮಣ್ಣಿನ ದಾರಿ, ಮಳೆ ಬಂದರೆ ಅದೂ ಇಲ್ಲ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅವಳ ಫೋನು ಬರುತ್ತಿತ್ತು. ಗೊತ್ತಪ್ಪನವರು ಹತ್ತೂವರೆಗೇ ತಲೆ ಬಾಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದರು. ವಾರವೆಲ್ಲ ಕಾದ ಆ ಮಾತು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

“ನಿಂಗೊತ್ತಾ, ನಮ್ಮ ಪಕ್ಕದ ಮನೆಯವಳು...”

“ಗೊತ್ತಕ್ಕ.”

“ಓ. ನಿಂಗೊತ್ತಾ, ಮೊನ್ನೆ ಹಿತ್ತಲ ಮೆಟ್ಟಿಲ ಹತ್ರ ನಾನು...”

“ಗೊತ್ತು, ಗೊತ್ತು. ಮಳೆಗಾಲ, ಮೆಟ್ಟಿಲು ಜಾರುತ್ತೆ. ಹುಷಾರಾಗಿರು.”

ಆ ದಿನ ಅಕ್ಕ “ಸರಿ ಹಾಗಾದ್ರೆ,” ಎಂದು ಫೋನಿಟ್ಟಳು. ನಂತರದ ವಾರಗಳಲ್ಲಿ ಎರಡು ನಿಮಿಷ ಒಂದಾಯಿತು. ಏಕೆಂದು ಗೊತ್ತಪ್ಪನವರು ಕೇಳಲಿಲ್ಲ. ಕೇಳುವುದೆಂದರೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ ತಾನೆ!

ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಕ್ಕ ಇದ್ದಕ್ಕಿದ್ದಂತೆ ಹೇಳಿದಳು: “ಬರೋ ಭಾನುವಾರ ನಿನ್ನ ಆ ದಪ್ಪ ಚಕ್ರದ ಗಾಡಿ ತಗೊಂಡು ಬರ್ತೀಯಾ? ನನ್ನ ಕೆಳಗೆ ಇಳಿಸ್ಕೊಂಡು ಹೋಗು. ಒಂದೆರಡು ತಿಂಗಳು ನಿನ್ನ ಹತ್ರ ಇರ್ತೀನಿ. ಯಾಕೆ ಅಂತ ನಿಂಗೆ ಹೇಳ್ಬೇಕಾಗಿಲ್ಲ.”

“ಗೊತ್ತು ಬಿಡಕ್ಕ.”

“ಏರು ಹತ್ತುತ್ತಾ ನಿನ್ನ ಗಾಡಿ?”

“ಹತ್ತುತ್ತೆ. ಅದೆಲ್ಲ ನಂಗೊತ್ತು.”

ಫೋನಿಟ್ಟ ಗೊತ್ತಪ್ಪನವರ ಕಾಲು ನೆಲದ ಮೇಲಿರಲಿಲ್ಲ. ಅಕ್ಕ ತಾನಾಗಿ ಬರುತ್ತೇನೆ ಎಂದಿದ್ದಾಳೆ! ಪ್ರೀತಿಯಲ್ಲದೆ ಬೇರೇನು ಕಾರಣ ಇರಬಲ್ಲದು? ಎರಡನೆಯ ಕುರ್ಚಿಯ ಪೇಪರನ್ನೆಲ್ಲ ಅಟ್ಟಕ್ಕೆ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಳಿ ಇಟ್ಟರು. ಎರಡು ಲೋಟ ತೊಳೆದಿಟ್ಟರು. ಆಮೇಲೆ ಗಾಡಿಯನ್ನು ನೋಡಿದರು. ಬಿಸಿಲಿಗೆ ಒಣಗಿ ನಾಲ್ಕೂ ಟೈರು ಬಿರುಕು ಬಿಟ್ಟಿದ್ದವು. ಒಂದು ಬಿರುಕಿನಲ್ಲಿ ಹುಲ್ಲು ಹುಟ್ಟಿತ್ತು.

ಶುಕ್ರವಾರ ಹೊಸ ಟೈರುಗಳು ಪಂಕ್ಚರ್ ಅಂಗಡಿಗೆ ಬಂದವು. ಅಂಗಡಿಯವನು ಇಪ್ಪತ್ತು ವರ್ಷದಿಂದ ಆ ಬೀದಿಯ ಗಾಳಿಯನ್ನೆಲ್ಲ ಕೈಯಲ್ಲಿ ಹಿಡಿದವನು. “ಚಕ್ರ ಬಿಚ್ಕೊಂಡು ಬನ್ನಿ ಸಾರ್, ಅರ್ಧ ಗಂಟೇಲಿ ಕೂರಿಸಿಕೊಡ್ತೀನಿ,” ಎಂದ.

“ಬೇಡ. ಟೈರ್ ಹಾಕೋದು ನಂಗೊತ್ತು,” ಎಂದರು ಗೊತ್ತಪ್ಪನವರು.

“ಇದು ಟ್ಯೂಬಿಲ್ಲದ ಟೈರು ಸಾರ್. ಅಂಚು ರಿಮ್ಮಿಗೆ ಕಚ್ಚಿ ಕೂರಬೇಕು. ಇಲ್ಲದಿದ್ರೆ ಎಷ್ಟು ಗಾಳಿ ಹೊಡೆದ್ರೂ ಸಂದಿಯಿಂದ ಹೋಗ್ತಿರುತ್ತೆ. ಮೂರು ವಿಷಯ ಜ್ಞಾಪಕ ಇಟ್ಕೊಳ್ಳಿ. ಮೊದಲನೇದು, ವಾಲ್ವಿನ ಒಳಗಿನ ಪಿನ್ನು...”

“ಗೊತ್ತು.”

“ಎರಡನೇದು, ನಡುವಿಗೆ ಬಿಗಿಯಾಗಿ ಬೆಲ್ಟು...”

“ಗೊತ್ತು ಕಣ್ರೀ.”

“ಮೂರನೇದು ಮುಖ್ಯ. ಟೈರಿನ ಮೇಲೆ ಒಂದು ಬಾಣ...”

“ಅಯ್ಯೋ, ಟೈರಿನ ಕೆಲಸ ನಂಗೆ ಪೂರ್ತಿ ಗೊತ್ತು!”

ಸ್ಕೂಟರಿನ ಚಕ್ರ ಹಿಡಿದು ಪಕ್ಕದಲ್ಲೇ ನಿಂತಿದ್ದ ಟೈಲರ್ ಇದನ್ನು ಕೇಳಿಸಿಕೊಂಡ. ಪಂಕ್ಚರಿನವನಿಗೆ ಮೈ ಉರಿಯಿತು. “ನೋಡಿ, ಇಷ್ಟು ಗೊತ್ತಿರೋರು ಎದುರು ಮನೇಲೇ ಇರೋವಾಗ ನನ್ನ ಹತ್ರ ಯಾಕೆ ಬರ್ತೀರಾ? ಅವರ ಹತ್ರಾನೇ ಹೋಗಿ,” ಎಂದು ಸ್ಕೂಟರಿನ ಚಕ್ರವನ್ನು ಹಿಂದಕ್ಕೆ ಕೊಟ್ಟ. ಅಂದು ಬಂದ ಗಿರಾಕಿಗಳಿಗೆಲ್ಲ ಅದೇ ಮಾತು ಹೇಳಿದ.

ಶನಿವಾರ ಬೆಳಿಗ್ಗೆ ಗೊತ್ತಪ್ಪನವರು ಗಾಡಿಯನ್ನು ಇಟ್ಟಿಗೆಯ ಮೇಲೆ ಏರಿಸಿ, ನಟ್ಟು ಬಿಚ್ಚಿ, ನಾಲ್ಕು ಚಕ್ರವನ್ನೂ ಅಂಗಳಕ್ಕೆ ಇಳಿಸಿದರು. ಪಂಕ್ಚರಿನವನ ಮಾತಿನಲ್ಲಿ ಕಿವಿಗೆ ಬಿದ್ದ ಅರ್ಧವನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಅಂದರೆ, ತಮ್ಮ ನಡುವಿಗೆ ಬೀಳ್ಕೊಡುಗೆಯ ದಿನದ ಬೆಲ್ಟನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ಕಟ್ಟಿಕೊಂಡರು. ಭಾರ ಎತ್ತುವವರು ಕಟ್ಟಿಕೊಳ್ಳುತ್ತಾರಲ್ಲ, ಹಾಗೇ ಇರಬೇಕೆಂದು ಅವರ ಊಹೆ. ಅದು ಟೈರಿನ ನಡುವಿಗೆ ಕಟ್ಟುವ ಬೆಲ್ಟು ಎಂದು ಹೇಳುವಷ್ಟರಲ್ಲಿ ಇವರಿಗೆ ಗೊತ್ತಾಗಿಬಿಟ್ಟಿತ್ತು.

ಹಳೆಯ ಟೈರು ಕೀಳುವುದರಲ್ಲಿ ಎರಡು ಕಬ್ಬಿಣದ ಪಟ್ಟಿ ಬಾಗಿ, ಒಂದು ಹೆಬ್ಬೆರಳು ನೀಲಿಯಾಯಿತು. ಹೊಸದಕ್ಕೆ ಸೋಪಿನ ನೀರು ಸವರಿ, ಮಂಡಿಯೂರಿ, ಪಟ್ಟಿ ತೂರಿಸಿ, ಒಂದೊಂದೇ ಗೇಣು ಅಂಚನ್ನು ರಿಮ್ಮಿನೊಳಗೆ ತಳ್ಳಿದರು. ಟೈರಿನ ಮೇಲಿನ ಬಾಣ ಕಂಡಿತು. ಕಂಪನಿಯ ಗುರುತಿರಬೇಕು ಎಂದುಕೊಂಡು, ಉಗ್ರಾಣದ ಶಿಸ್ತಿನಲ್ಲಿ, ಹೊರಮೈಯಿಂದ ನೋಡಿದರೆ ನಾಲ್ಕರಲ್ಲೂ ಬಾಣ ಗಡಿಯಾರದ ಮುಳ್ಳಿನಂತೆ ಒಂದೇ ದಿಕ್ಕಿಗೆ ತಿರುಗುವಂತೆ ಹಾಕಿದರು. ನೋಡಲು ಬಹಳ ಚೆನ್ನಾಗಿತ್ತು.

ಇನ್ನು ಗಾಳಿ. ಸೈಕಲ್ ಪಂಪಿನಲ್ಲಿ ನೂರು ಸಲ ಒತ್ತಿದರು. ಒತ್ತಿದ ಗಾಳಿಯೆಲ್ಲ ಟೈರಿನ ಸುತ್ತ ಸೋಪಿನ ಗುಳ್ಳೆಯಾಗಿ ಎದ್ದು ಹಾರಿಹೋಯಿತು. ದಾರಿಯುದ್ದಕ್ಕೂ ಒಂದರ ಮೇಲೊಂದು ಅಮುಕಿಸಿಕೊಂಡು ಬಂದ ಟೈರುಗಳು ಹೊಟ್ಟೆಗಿಲ್ಲದವರ ಕೆನ್ನೆಯ ಹಾಗೆ ಒಳಕ್ಕೆ ಹೋಗಿದ್ದವು. ಅಂಚಿಗೂ ರಿಮ್ಮಿಗೂ ನಡುವೆ ಬೆರಳು ಹೋಗುವಷ್ಟು ಸಂದಿ. “ಕೂತ್ಕೊ ಮಾರಾಯ, ನಾಳೆ ಅಕ್ಕ ಬರ್ತಾಳೆ,” ಎಂದು ಗೊತ್ತಪ್ಪನವರು ಟೈರಿಗೆ ಕೈಮುಗಿದರು.

ಆಗ ಗೇಟು ಸದ್ದಾಯಿತು. ಟೈಲರ್ ತನ್ನ ಸ್ಕೂಟರ್ ಚಕ್ರದೊಂದಿಗೆ ನಿಂತಿದ್ದ. “ಸಾರ್, ಇದಕ್ಕೂ ಒಂದು ಗತಿ ಕಾಣಿಸಿ. ನಿಮಗೆ ಗೊತ್ತಂತಲ್ಲ.”

ಆ ಗೇಟನ್ನು ತೆರೆದು ಯಾರಾದರೂ ಒಳಗೆ ಬಂದು ಎಷ್ಟು ತಿಂಗಳಾಗಿತ್ತೋ! ಆಗುವುದಿಲ್ಲ ಎನ್ನಲು ಗೊತ್ತಪ್ಪನವರಿಗೆ ಮನಸ್ಸು ಬರಲಿಲ್ಲ. “ಗೊತ್ತು, ಇಡಿ. ಕೂತ್ಕೊಳ್ಳಿ, ಟೀ ಮಾಡ್ತೀನಿ,” ಎಂದರು.

“ಅಯ್ಯೋ, ಕೂರೋಕೆ ಹೊತ್ತೆಲ್ಲಿದೆ?” ಎಂದು ಟೈಲರ್ ಚಕ್ರ ಇಟ್ಟು ಹೊರಟ.

ಅವನ ಹಿಂದೆಯೇ ಮೂಲೆ ಮನೆಯ ನರ್ಸಮ್ಮ ತನ್ನ ಆಸ್ಪತ್ರೆಯ ಗಾಲಿಕುರ್ಚಿಯ ಚಕ್ರ ತಂದಳು. ಹಾಲಿನವನು ಸೈಕಲ್ಲಿನದು ತಂದ. ಗೋಡೆಗೆ ಬಣ್ಣ ಹೊಡೆಯುವ ಪೇಂಟರ್ ತನ್ನ ವ್ಯಾನಿನ ಚಕ್ರದ ಜೊತೆ ಗಾಳಿಯ ಕಂಪ್ರೆಸರನ್ನೂ ಉರುಳಿಸಿಕೊಂಡು ಬಂದು, “ಪಂಪಿನಲ್ಲಿ ಸಾಯಬೇಡಿ ಸಾರ್, ಇದ್ರಲ್ಲಿ ಹೊಡೀರಿ. ವಾಲ್ವಿನ ಪಿನ್ನು ತೆಗೆದ್ರೆ ಗಾಳಿ ಜೋರಾಗಿ ಹೋಗುತ್ತೆ, ಗೊತ್ತಲ್ಲ?” ಎಂದ. “ಗೊತ್ತು,” ಎಂದು ಗೊತ್ತಪ್ಪನವರು ಆ ಕ್ಷಣದಲ್ಲೇ ಅದನ್ನು ಕಲಿತರು. ಎಲ್ಲರಿಗೂ ಟೀ ಮಾಡುತ್ತೇನೆಂದರು. ಎಲ್ಲರಿಗೂ ಅವಸರ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಎಂಟು ಚಕ್ರಗಳೂ ಒಬ್ಬ ಗೊತ್ತಪ್ಪನವರೂ ಇದ್ದರು.

ಊಟದ ಹೊತ್ತು ಕಳೆದ ಮೇಲೆ ಪುರಸಭೆಯ ಇನ್‌ಸ್ಪೆಕ್ಟರು ಬಂದರು. ದೊಡ್ಡ ಆಳು, ಗೇಟಿನ ಎರಡು ಬಾಗಿಲನ್ನೂ ತೆಗೆಯಬೇಕಾಯಿತು. ಅವರ ಹಿಂದೆ, ಈಗ ಏನಾಗುತ್ತದೋ ನೋಡೋಣವೆಂದು, ಬೆಳಿಗ್ಗೆ ಹೊತ್ತಿಲ್ಲದವರೆಲ್ಲ ಹೊತ್ತು ಮಾಡಿಕೊಂಡು ಬಂದರು.

“ಏನ್ರೀ ಇದು? ಮನೆಗಳಿರೋ ಬೀದೀಲಿ ವರ್ಕ್‌ಶಾಪು? ಇದಕ್ಕೆ ಲೈಸೆನ್ಸ್ ಬೇಕು ಅಂತ ಗೊತ್ತಾ?”

“ಗೊತ್ತು ಸಾರ್.”

ಇನ್‌ಸ್ಪೆಕ್ಟರು ತಮ್ಮ ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ಎಲ್ಲರೂ ಗೊತ್ತಿರಲಿಲ್ಲ ಸಾರ್ ಎನ್ನುವವರೇ. “ಇಲ್ಲದಿದ್ರೆ ನೋಟಿಸು ಕೊಡ್ತೀವಿ ಅಂತ?”

“ಅದೂ ಗೊತ್ತು.”

“ಗೊತ್ತಿದ್ದೂ ನಡೆಸ್ತಿದೀರಾ! ಗೊತ್ತಿಲ್ಲದೆ ಮಾಡಿದ್ರೆ ತಪ್ಪು, ಗೊತ್ತಿದ್ದು ಮಾಡಿದ್ರೆ ಕೊಬ್ಬು. ಒಂದು ಕುರ್ಚಿ ತನ್ನಿ, ಬರೀತೀನಿ.”

ಗೊತ್ತಪ್ಪನವರ ಕುರ್ಚಿಯ ಮೇಲೆ ನಟ್ಟು, ಪಟ್ಟಿ, ಸೋಪಿನ ನೀರು ಹರಡಿತ್ತು; ನರ್ಸಮ್ಮ ಕಿಟಕಿಯ ಬಳಿ ಥಳಥಳಿಸುತ್ತಿದ್ದ ಕುರ್ಚಿಯ ಕಡೆ ಹೊರಟಳು. ಗೊತ್ತಪ್ಪನವರು ಅಡ್ಡ ನಿಂತರು. “ಅದು ಬೇಡಮ್ಮ. ಅದು ಅಕ್ಕನಿಗೆ.”

“ಬರೀ ಐದು ನಿಮಿಷ ಸಾರ್.”

“ಅವಳು ಇನ್ನೂ ಕೂತಿಲ್ಲ ಅದರ ಮೇಲೆ,” ಎಂದರು. ಆ ದನಿ ಕೇಳಿ ನರ್ಸಮ್ಮ ಹಿಂದೆ ಸರಿದಳು.

ಇನ್‌ಸ್ಪೆಕ್ಟರು ಸಿಟ್ಟಿನಲ್ಲಿ ಸುತ್ತ ನೋಡಿ, ಗೋಡೆಗೆ ಒರಗಿಸಿ ನಿಲ್ಲಿಸಿದ್ದ ಹೊಸ ಟೈರಿನ ಮೇಲೇ ಧೊಪ್ಪನೆ ಕೂತು ಬರೆಯತೊಡಗಿದರು. ಅದಕ್ಕೆ ಪೇಂಟರ್ ಆಗಷ್ಟೇ ಬಂದು ಕಂಪ್ರೆಸರಿನ ಪೈಪು ಸಿಕ್ಕಿಸಿದ್ದ, ಗಾಳಿ ಸುರ್ರೆಂದು ಹೋಗುತ್ತಲೇ ಇತ್ತು. ಮೇಲಿನ ಭಾರಕ್ಕೆ ಟೈರಿನ ನಡು ತಗ್ಗಿ, ಒಳಗೆ ಹೋಗಿದ್ದ ಕೆನ್ನೆಗಳು ಎರಡೂ ಕಡೆ ಹೊರಕ್ಕೆ ಉಬ್ಬಿದವು. ಅಂಚು ರಿಮ್ಮನ್ನು ಮುಟ್ಟಿತು. ಗುಳ್ಳೆ ನಿಂತಿತು.

ಢಬ್! ಇನ್ನೊಂದು, ಢಬ್!

ಇನ್‌ಸ್ಪೆಕ್ಟರು ಅಷ್ಟು ಎತ್ತರಕ್ಕೆ ನೆಗೆಯಬಲ್ಲರು ಎಂದು ಪುರಸಭೆಗೂ ಗೊತ್ತಿರಲಿಲ್ಲ. ಪೆನ್ನು ಮಾವಿನ ಮರ ಸೇರಿತು. ನರ್ಸಮ್ಮ ಅವರ ಕೈ ಹಿಡಿದು ನಾಡಿ ನೋಡತೊಡಗಿದಳು. ಪೇಂಟರ್ ಟೈರಿನ ಸುತ್ತ ಬಗ್ಗಿ ನೋಡಿ, “ಕೂತಿದೆ! ಎರಡೂ ಅಂಚು ಕೂತಿದೆ!” ಎಂದು ಕಿರುಚಿದ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

“ಸಾರ್,” ಎಂದ ಟೈಲರ್ ಕೈ ಹೊಸೆಯುತ್ತ, “ಇನ್ನು ಮೂರಿದೆ.”

“ಏನ್ರೀ, ನಾನೇನು ಸರ್ಕಾರಿ ನೌಕರನೋ ಜಾಕೋ?”

“ನಿಮ್ಮಷ್ಟು ಕೂರೋಕೆ ಈ ಬೀದೀಲಿ ಯಾರ ಕೈಲೂ ಆಗಲ್ಲ ಸಾರ್.”

ಹೊಗಳಿಕೆಗೆ ಸೋಲದ ಅಧಿಕಾರಿ ಎಲ್ಲಿದ್ದಾನೆ! ಇನ್‌ಸ್ಪೆಕ್ಟರು ಎರಡನೆಯದರ ಮೇಲೆ ಕೂತರು, ಢಬ್. ಮೂರನೆಯದಕ್ಕೆ ಅವರೇ ಸೋಪಿನ ನೀರು ಇನ್ನಷ್ಟು ಬೇಕೆಂದರು. ನಾಲ್ಕನೆಯದಕ್ಕೆ ಜನ ಎಣಿಸಿದರು. ಅರ್ಧ ಗಂಟೆ ಗೊತ್ತಪ್ಪನವರ ಅಂಗಳದಲ್ಲಿ ನಗು, ಕೂಗು, ಒಬ್ಬರ ಮೇಲೊಬ್ಬರ ಸಲಹೆ. ಅವರು ನಡುವೆ ನಿಂತು, ಬೆಲ್ಟಿನ ಬಿಗಿಯಲ್ಲಿ ಉಸಿರಾಡಲಾಗದೆ, ಕಣ್ಣು ತುಂಬಿಕೊಂಡು ನಗುತ್ತಿದ್ದರು.

ಅಷ್ಟರಲ್ಲಿ ಟೈಲರಿಗೆ ಅನುಮಾನ ಬಂತು. “ಅಂದ್ರೆ ಸಾರ್, ಬೆಳಿಗ್ಗೆಯಿಂದ ನಿಮ್ಮ ಕೈಲಿ ಇದೊಂದೂ ಕೂರಿಸೋಕೆ ಆಗಿರ್ಲಿಲ್ವಾ?” ಉತ್ತರಕ್ಕೆ ಕಾಯದೆ ತನ್ನ ಚಕ್ರವನ್ನು ಎತ್ತಿಕೊಂಡ. ಅವನನ್ನು ನೋಡಿ ಉಳಿದವರೂ ಎತ್ತಿಕೊಂಡು ಪಂಕ್ಚರ್ ಅಂಗಡಿಯ ದಾರಿ ಹಿಡಿದರು. ಇನ್‌ಸ್ಪೆಕ್ಟರು ಮರದಿಂದ ಪೆನ್ನು ಇಳಿಸಿಕೊಂಡು, ಕರ್ತವ್ಯ ಕರ್ತವ್ಯವೇ ಎಂದು, ನೋಟಿಸನ್ನು ಮುಗಿಸಿ ಕೈಗಿತ್ತು ಹೋದರು. ಒಲೆಯ ಮೇಲೆ ಹತ್ತು ಜನಕ್ಕೆ ಇಟ್ಟ ಟೀ ಕುದಿಯುತ್ತಿತ್ತು. ಗೊತ್ತಪ್ಪನವರು ಒಂದು ಲೋಟ ಕುಡಿದು ಉಳಿದದ್ದನ್ನು ಚೆಲ್ಲಿದರು.

ಭಾನುವಾರ ಬೆಳಿಗ್ಗೆ ಚಕ್ರಗಳನ್ನು ಗಾಡಿಗೆ ಹಾಕಿ ನಟ್ಟು ಬಿಗಿದರು. ಹೊಸ ಅಂಗಿ ಹಾಕಿಕೊಂಡರು, ಸರಿಯಾದ ಮಗ್ಗುಲಲ್ಲೇ. ಸೀಟಿನ ಹಿಂದುಗಡೆ ಅಕ್ಕನಿಗೆಂದು ಒಂದು ದಿಂಬು ಕಟ್ಟಿದರು. ಹತ್ತೂವರೆಗೆ ಗೇಟಿನ ಮುಂದೆ ಹಾದುಹೋಗುತ್ತಿದ್ದ ಪಂಕ್ಚರಿನವನು ನಿಂತ.

“ಎಲ್ಲಿಗೆ ಸಾರ್ ಪ್ರಯಾಣ?”

“ಗುಡ್ಡಕ್ಕೆ. ಅಕ್ಕನ್ನ ಕರ್ಕೊಂಡು ಬರೋಕೆ.”

“ಈ ಟೈರಲ್ಲಾ? ಎಡಗಡೆ ಎರಡೂ ಉಲ್ಟಾ ಇದೆಯಲ್ಲ. ಬಾಣ ಮುಂದಕ್ಕೆ ಉರುಳೋ ಕಡೆಗಿರಬೇಕು. ಹೀಗೆ ಹೋದ್ರೆ ಒಂದು ಕಡೆ ಹಿಡಿಯುತ್ತೆ, ಇನ್ನೊಂದು ಕಡೆ ಜಾರುತ್ತೆ. ಆ ಕೆಸರಿನ ಏರಲ್ಲಿ ಅಕ್ಕನವರನ್ನ ಕೂರಿಸ್ಕೊಂಡು ಬಿದ್ದೀರಿ! ಅವತ್ತೇ ಹೇಳೋಕೆ ಬಂದೆ. ಗೊತ್ತು ಅಂದ್ರಿ. ಈಗಲೂ ಗೊತ್ತಿದ್ದೇ ಹಾಕಿರಬಹುದು ಬಿಡಿ, ನಮಗ್ಯಾಕೆ,” ಎಂದು ಅವನು ನಡೆದ.

ಗೊತ್ತಪ್ಪನವರ ಬಾಯಿ ಅಭ್ಯಾಸದಂತೆ ತೆರೆದು, ಹಾಗೇ ಮುಚ್ಚಿತು. ಮೆಟ್ಟಿಲ ಮೇಲೆ ಕೂತರು. ಒಳಗೆ ಫೋನು ಹೊಡೆದುಕೊಂಡಿತು. ಹನ್ನೊಂದು ಗಂಟೆ.

“ಹೊರಟ್ಯಾ?” ಎಂದಳು ಅಕ್ಕ. “ನಾನು ಬ್ಯಾಗು ಕಟ್ಕೊಂಡು ಹೊರಗೇ ಕೂತಿದೀನಿ.”

“ಅಕ್ಕ, ಇವತ್ತು ಆಗಲ್ಲ.” ಗೊತ್ತಪ್ಪನವರು ಅಂಗಳದ ಗಾಡಿಯ ಕಡೆ ನೋಡಿದರು. “ಟೈರು ಉಲ್ಟಾ ಹಾಕಿದೀನಿ. ನಂಗೆ... ನಂಗೆ ಗೊತ್ತಿರ್ಲಿಲ್ಲ.”

ಆ ಕಡೆ ಬ್ಯಾಗು ನೆಲಕ್ಕಿಟ್ಟ ಸದ್ದಾಯಿತು.

“ಏನಂದೆ?”

“ಗೊತ್ತಿರ್ಲಿಲ್ಲ ಅಕ್ಕ. ಟೈರ್ ಹಾಕೋದೇ ಗೊತ್ತಿರ್ಲಿಲ್ಲ. ಸುಮ್ನೆ ಗೊತ್ತು ಅಂದೆ.”

“ಹಾಗಾದ್ರೆ,” ಎಂದಳು ಅಕ್ಕ ನಿಧಾನವಾಗಿ, “ನನ್ನ ಕಾಲಿನ ವಿಷಯ?”

“ಯಾವ ಕಾಲು?”

“ಮೆಟ್ಟಿಲಿಂದ ಬಿದ್ದದ್ದು ಕಣೋ. ಹಿಮ್ಮಡಿ ಮುರಿದು ಎರಡು ತಿಂಗಳಾಯ್ತು. ಮೊದಲ ದಿನ ನೀರಿಗೂ ಏಳೋಕಾಗದೆ ಸಂಜೆವರೆಗೆ ಹಿತ್ತಲಲ್ಲೇ ಬಿದ್ದಿದ್ದೆ. ನಿಂಗೆ ಹೇಳೋಕೆ ಬಂದ್ರೆ ಗೊತ್ತು, ಹುಷಾರಾಗಿರು ಅಂದೆ. ಗೊತ್ತಿದ್ದೂ ಆಮೇಲೆ ಒಂದು ವಾರಾನೂ ಹೇಗಿದೀಯ ಅಂತ ಕೇಳಲಿಲ್ಲ ನೀನು. ತಮ್ಮ ಇಷ್ಟು ಕಲ್ಲಾದ್ನಲ್ಲ ಅಂತ ಒಬ್ಬಳೇ ಕೂತು ಅತ್ತಿದೀನಿ. ಕೊನೆಗೆ ಕೈಲಾಗದೆ ನಾನೇ ಬಾಯಿಬಿಟ್ಟು ಬಾ ಅಂದೆ.”

ಮೂವತ್ತು ವರ್ಷ ಉಗ್ರಾಣದಲ್ಲಿ ಒಂದು ಮೊಳೆ ಕಳೆದುಕೊಳ್ಳದ ಮನುಷ್ಯ ಇಷ್ಟು ದೊಡ್ಡದನ್ನು ಕಳೆದುಕೊಂಡು ಕೂತಿದ್ದರು.

“ನಂಗೊತ್ತಿರ್ಲಿಲ್ಲ ಅಕ್ಕ,” ಎಂದರು. ಎರಡು ಸಲ ಹೇಳಿದರು. ಅಳುತ್ತಿದ್ದದ್ದರಿಂದ ಎರಡನೆಯ ಸಲ ಸರಿಯಾಗಿ ಕೇಳಿಸಲಿಲ್ಲ.

“ಅಳಬೇಡ್ವೋ ದಡ್ಡ. ಇನ್ನೊಂದು ವಾರ ಕಾಯ್ತೀನಿ. ಗೊತ್ತಿರ್ಲಿಲ್ಲ ತಾನೆ, ಅಷ್ಟು ಸಾಕು ನಂಗೆ.”

“ವಾರ ಬೇಡ. ಈಗ್ಲೇ ಪಂಕ್ಚರಿನವನ ಕೈಕಾಲು ಹಿಡೀತೀನಿ, ನಾಳೆ ಬೆಳಿಗ್ಗೆ ಬರ್ತೀನಿ. ಅವನು ಆಗಲ್ಲ ಅಂದ್ರೆ ನಡ್ಕೊಂಡೇ ಬರ್ತೀನಿ.”

“ದಾರಿ ಗೊತ್ತಾ ನಿಂಗೆ? ಹಳೇ ದಾರಿ ಮಳೇಲಿ ಕೊಚ್ಚಿ ಹೋಯ್ತು...” ಎಂದು ಅಕ್ಕ ಎಂದಿನ ಜಾಗದಲ್ಲಿ, ಮಾತು ಕತ್ತರಿಸಿ ಬೀಳುವುದನ್ನು ಕಾಯುತ್ತ, ತಾನಾಗಿಯೇ ನಿಂತಳು.

ಗೊತ್ತಪ್ಪನವರು ಪೆನ್ನು ಹುಡುಕಿದರು. ಕಾಗದಕ್ಕೆ ತಡಕಾಡಿ, ಸಿಕ್ಕಿದ ಪುರಸಭೆಯ ನೋಟಿಸನ್ನು ಮಗುಚಿ ಹಾಕಿದರು. ಅದರ ಈ ಮಗ್ಗುಲಲ್ಲಿ ‘ಸದರಿಯವರು ಎಲ್ಲವೂ ಗೊತ್ತಿದ್ದೂ’ ಎಂದು ಬರೆದಿತ್ತು. ಆ ಮಗ್ಗುಲು ಖಾಲಿ ಇತ್ತು.

“ಗೊತ್ತಿಲ್ಲ ಅಕ್ಕ,” ಎಂದರು. “ಮೊದಲಿಂದ ಹೇಳು. ಬರ್ಕೋತೀನಿ.”